ಪಂಚಾಂಗ ಹಿಡಿದು ಬರೆಯುತ್ತಿರುವ ಮದುವೆ ಕಾದಂಬರಿ: ಆಷಾಢದವರೆಗೆ ಬಂತು

ಕಾದಂಬರಿ ಆಷಾಢಕ್ಕೆ ಬಂದಿದೆ. ವೈಶಾಖ, ಜ್ಯೇಷ್ಠದ ಮದುವೆಗಳೆಲ್ಲ ಬರೆದಾಯಿತು. ಹೊಸದಾಗಿ ಓದುತ್ತಿರುವವರಿಗೆ ಎರಡು ಮಾತು. ನಾಯಕಿ ರೂಪಾ. ವಯಸ್ಸು 33. ತುಮಕೂರಿನ ಶಿರಾ ಗೇಟ್ ಹತ್ತಿರ ಮನೆ, ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವ ಕೆಲಸ. ಮದುವೆ ಆಗಿಲ್ಲ. ಅಮ್ಮನಿಗೆ ಮಂಡಿ ನೋವು, ಅಪ್ಪನಿಗೆ ಗಲಾಟೆ ಆಗಿಬರಲ್ಲ. ಹಾಗಾಗಿ ಯಾರ ಮನೆಯಿಂದ ಲಗ್ನಪತ್ರಿಕೆ ಬಂದರೂ ಮುಖ ತೋರಿಸಿ, ಮುಯ್ಯಿ ಹಾಕಿ, ಉಂಡು ಬರುವವಳು ಇವಳೇ.

ಕಥೆ ನಡೆಯುವುದು 2023ರಲ್ಲಿ. ಆ ವರ್ಷವನ್ನೇ ಯಾಕೆ ಹಿಡಿದೆ ಅಂತ ಕೆಲವರು ಕೇಳಿದ್ದರು. ಆ ವರ್ಷದ ಪಂಚಾಂಗ ತೆಗೆದು ನೋಡಿ, ಗೊತ್ತಾಗುತ್ತದೆ. ಏಪ್ರಿಲ್ 21ಕ್ಕೆ ವೈಶಾಖ ಶುರು. ಮೇ 10ಕ್ಕೆ ವಿಧಾನಸಭೆ ಚುನಾವಣೆ. ಜೂನ್ 11ಕ್ಕೆ ಹೆಂಗಸರಿಗೆ ಬಸ್ಸು ಫ್ರೀ. ಜೂನ್ 19ಕ್ಕೆ ಆಷಾಢ. ಅದು ಕಳೆದರೆ ಶ್ರಾವಣ ಬರಬೇಕು, ಆದರೆ ಆ ಸಲ ಜುಲೈ 18ರಿಂದ ಬಂದದ್ದು ಅಧಿಕ ಶ್ರಾವಣ. ಆಗಸ್ಟ್ 16ರವರೆಗೂ ವಾಲಗದ ಸದ್ದಿಲ್ಲ. ಮದುವೆ ಮನೆಗಳಲ್ಲೇ ಬೆಳೆಯುವ ಪ್ರೀತಿಗೆ ಹತ್ತಿರ ಹತ್ತಿರ ಎರಡು ತಿಂಗಳು ಮದುವೆಯೇ ಇಲ್ಲ! ಇಂಥ ತಿರುವನ್ನು ನಾನು ಕೂತು ಯೋಚಿಸಿದ್ದರೂ ಹೊಳೆಯುತ್ತಿರಲಿಲ್ಲ. ಅದಕ್ಕೇ ಈಗ ಮೇಜಿನ ಮೇಲೆ ಹಸ್ತಪ್ರತಿಯ ಪಕ್ಕದಲ್ಲೇ ಆ ವರ್ಷದ ಪಂಚಾಂಗ ಇರುತ್ತದೆ.

ನಗು ಎಲ್ಲಿಂದ ಬರಬೇಕು ಅನ್ನುವುದನ್ನು ಮೊದಲೇ ತೀರ್ಮಾನ ಮಾಡಿಕೊಂಡಿದ್ದೆ. ರೂಪಾಗೆ ಮದುವೆ ಆಗಿಲ್ಲ ಅನ್ನುವುದರಿಂದ ಬರಬಾರದು. ಮದುವೆ ಮನೆ ನಡೆಯುವ ರೀತಿಯಲ್ಲೇ ಬೇಕಾದಷ್ಟು ನಗು ಇದೆ. ಮದುವೆಯಾಗದ ಹುಡುಗಿ ಕಣ್ಣಿಗೆ ಬಿದ್ದರೆ ಸಾಕು, ಎಲ್ಲರೂ ಕೆಲಸ ಹೇಳುತ್ತಾರೆ, ಅಲ್ವಾ? 'ಸುಮ್ನೆ ಕೂತಿದೀಯಲ್ಲ, ಈ ಬ್ಯಾಗ್ ಹಿಡ್ಕೋ.' ಹಾಗಾಗಿ ಪ್ರತಿ ಮದುವೆಯಲ್ಲೂ ಅವಳಿಗೆ ಬೇರೆ ಬೇರೆ ಕೆಲಸ ಕೊಟ್ಟಿದ್ದೇನೆ. ಒಂದು ಕಡೆ ಹೆಣ್ಣಿನ ಒಡವೆ ಕಾಯುತ್ತಾಳೆ. ಇನ್ನೊಂದು ಕಡೆ ಬಾಗಿಲಲ್ಲಿ ನಿಂತು ತಾಂಬೂಲದ ಚೀಲ ಕೊಡುತ್ತಾಳೆ, ಒಬ್ಬರಿಗೆ ಒಂದೇ ತೆಂಗಿನಕಾಯಿ ಅಂತ ಕಟ್ಟುನಿಟ್ಟು. ಮತ್ತೊಂದು ಕಡೆ ಕಾಶಿಯಾತ್ರೆಗೆ ಹೊರಟ ಗಂಡಿಗೆ ಛತ್ರಿಯೇ ಇಲ್ಲ, ಇವಳೇ ಓಡುತ್ತಾಳೆ. 'ನಮಗೆ ಯಾವಾಗಮ್ಮಾ ಊಟ ಹಾಕಿಸ್ತೀಯಾ?' ಅನ್ನುವ ಪ್ರಶ್ನೆಯೂ ಇದೆ. ಅದಿಲ್ಲದೆ ನಮ್ಮ ಕಡೆ ಮದುವೆಯೇ ಇಲ್ಲವಲ್ಲ. ಆದರೆ ಹಾಗೆ ಕೇಳುವ ಅತ್ತೆ ಚಿಕ್ಕಮ್ಮಂದಿರನ್ನು ಕೆಟ್ಟವರನ್ನಾಗಿ ಮಾಡಿಲ್ಲ. ಅವರು ಕೇಳುತ್ತಲೇ ಅವಳ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸುವವರು.

ರೂಪಾ ಮತ್ತು ನಾಯಕನ ಮೊದಲ ಭೇಟಿ ಊಟದ ಹಾಲ್‌ನಲ್ಲಿ. ಉಣ್ಣುತ್ತಿರುವವರ ಕುರ್ಚಿ ಹಿಂದೆ ಮುಂದಿನ ಪಂಕ್ತಿಯವರು ನಿಂತು ಕಾಯುತ್ತಾರಲ್ಲ, ಅಲ್ಲಿ. ಬೆನ್ನ ಹಿಂದೆ ಯಾರೋ ನಿಂತಿದ್ದಾರೆ ಅಂತ ಅವನು ಸಾರಿಗೇ ಎಲೆ ಮಡಿಸಲು ಹೋಗುತ್ತಾನೆ. ರೂಪಾ, 'ಮಜ್ಜಿಗೆ ಅನ್ನ ಉಂಡೇ ಏಳಿ, ನಾನು ಕಾಯ್ತೀನಿ' ಅನ್ನುತ್ತಾಳೆ. ಅವನು ಮತ್ತೆ ಕೂರುತ್ತಾನೆ. ಆ ಅಧ್ಯಾಯದಲ್ಲಿ ಅವರಿಬ್ಬರ ನಡುವೆ ಬೇರೆ ಮಾತಿಲ್ಲ. ನನಗೆ ಅಷ್ಟೇ ಸಾಕು ಅನ್ನಿಸಿತು. ಅವನಿಗೆ ಇನ್ನೂ ಹೆಸರಿಟ್ಟಿಲ್ಲ. ಕೃಷಿ ಇಲಾಖೆಯವನು, ಊರು ಮಧುಗಿರಿ.

ಈವರೆಗೆ ಬರೆದದ್ದರಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಚೆಕ್‌ಪೋಸ್ಟ್ ಅಧ್ಯಾಯ. ಚುನಾವಣೆ ಸಮಯ. 50,000 ರೂಪಾಯಿಗಿಂತ ಹೆಚ್ಚು ನಗದು ಸಾಗಿಸಬೇಕಾದರೆ ದಾಖಲೆ ತೋರಿಸಬೇಕು. ಮಧುಗಿರಿಯ ಒಂದು ಮದುವೆ ಮುಗಿಸಿ ತುಮಕೂರಿಗೆ ಹೊರಟ ಕಾರಿನಲ್ಲಿ ರೂಪಾ ಮಡಿಲಲ್ಲಿ ಮುಯ್ಯಿ ಚೀಲ. ಲೆಕ್ಕ ಬರೆಯುವವಳಲ್ವಾ, ಅವತ್ತು ಮುಯ್ಯಿ ಬರೆದವಳೂ ಅವಳೇ. ಚೆಕ್‌ಪೋಸ್ಟ್ ಕೆಲಸಕ್ಕೆ ಬೇರೆ ಬೇರೆ ಇಲಾಖೆಯವರನ್ನು ಹಾಕಿರುತ್ತಾರೆ. ಅವತ್ತು ಅಲ್ಲಿ ಇದ್ದವನು ಮಜ್ಜಿಗೆ ಅನ್ನದವನು. ದಾಖಲೆ ಅಂತ ಇರುವುದು ಲಗ್ನಪತ್ರಿಕೆ ಮತ್ತು ಮುಯ್ಯಿ ಪುಸ್ತಕ, ಎರಡೇ. ಅವನು ರಸ್ತೆ ಪಕ್ಕ ಟೇಬಲ್ ಹಾಕಿಸಿ, ಊರು, ಹೆಸರು, ಮೊತ್ತ ಒಂದೊಂದೇ ಜೋರಾಗಿ ಓದುತ್ತಾನೆ. ಅವಳು ಕವರ್ ಒಡೆದು ಎಣಿಸುತ್ತಾಳೆ. ಇನ್ನೊಬ್ಬರು ವಿಡಿಯೋ ಮಾಡುತ್ತಿರುತ್ತಾರೆ. ಹಿಂದಿನ ಸೀಟಿನ ಸೋದರಮಾವನಿಗೆ ಮಾತ್ರ ಸಂಕಟ. ನಾನು 2,001 ಹಾಕಿದೆ ಅಂತ ದಾರಿಯುದ್ದಕ್ಕೂ ಹೇಳಿಕೊಂಡು ಬಂದಿರುತ್ತಾನೆ, ಪುಸ್ತಕದಲ್ಲಿ ಇರುವುದು 201. ಕೊನೆಗೆ ಲೆಕ್ಕ ನೋಡಿದರೆ 501 ರೂಪಾಯಿ ಜಾಸ್ತಿ. ಹೆಸರಿಲ್ಲದ ಒಂದು ಕವರ್. ಅದು ಯಾರದು ಅನ್ನುವುದು ಪುಸ್ತಕದ ಕೊನೆವರೆಗೂ ನಡೆಯುತ್ತದೆ. ಇಲ್ಲಿ ಬಿಟ್ಟುಕೊಡಲ್ಲ.

ಜ್ಯೇಷ್ಠದ ಅಧ್ಯಾಯಗಳು ಬೇಗ ಆದವು. ಬಸ್ಸು ಫ್ರೀ ಆದ ಮೇಲೆ ರೂಪಾಗೆ ತಪ್ಪಿಸಿಕೊಳ್ಳಲು ನೆಪವೇ ಇಲ್ಲ. 'ಬಸ್ ಚಾರ್ಜೂ ಇಲ್ಲ, ಬರೋಕೇನು ನಿಂಗೆ?' ಎಡೆಯೂರಿನ ಮದುವೆಗೆ ರೇಷ್ಮೆ ಸೀರೆ ಉಟ್ಟು, ಕೈಯಲ್ಲಿ ಶೂನ್ಯ ಟಿಕೆಟ್ ಹಿಡಿದು, ಉದ್ದಕ್ಕೂ ನಿಂತೇ ಹೋಗುತ್ತಾಳೆ. ಇಳಿಯುವ ಹೊತ್ತಿಗೆ ಅರ್ಧ ಬಸ್ಸಿಗೆ ಅವಳ ಜಾತಕ ಗೊತ್ತಾಗಿರುತ್ತದೆ.

ಈಗ ಬರೆಯುತ್ತಿರುವುದು ಆಷಾಢ. ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದು ಅಂತ ಹೊಸ ಮದುಮಗಳನ್ನು ತವರಿಗೆ ಕಳಿಸುವುದು ವಾಡಿಕೆ. ಹಾಗಾಗಿ ವೈಶಾಖದಿಂದ ಯಾರ ಯಾರ ಮದುವೆಗೆ ಓಡಾಡಿದ್ದಳೋ ಅವರೆಲ್ಲ ತುಮಕೂರಿಗೆ ವಾಪಸ್ಸು. ರೂಪಾ ಮನೆ ಜಗುಲಿ ಮೇಲೆ ಸೇರುತ್ತಾರೆ. ಗಂಡನ ಮನೆ ಸಾರಿನ ರುಚಿ, ಗೊರಕೆ, ಒಂದೇ ಬಚ್ಚಲು, ಎಲ್ಲ ಮಾತಿಗೆ ಬರುತ್ತದೆ. ಇದು ಕಾದಂಬರಿಯ ನಿಜವಾದ ಹೃದಯ ಅಂತ ನನಗೆ ಬರೆಯುತ್ತಾ ಬರೆಯುತ್ತಾ ಗೊತ್ತಾಗುತ್ತಿದೆ. ಮದುವೆ ಅಂದರೆ ಏನು ಅಂತ ರೂಪಾ ಕೇಳಿಸಿಕೊಳ್ಳುವುದು ಇಲ್ಲೇ. ಆಸೆಯೂ ಹುಟ್ಟುತ್ತದೆ, ಭಯವೂ ಹುಟ್ಟುತ್ತದೆ. ಎರಡನ್ನೂ ಹಗುರವಾಗಿ ಬರೆಯಬೇಕು, ಆದರೆ ಸುಳ್ಳು ಮಾಡಬಾರದು.

ಅಧಿಕ ಮಾಸದಲ್ಲಿ ಇಬ್ಬರೂ ತುಮಕೂರಿನ ಹತ್ತಿರದ ನಾಮದ ಚಿಲುಮೆಗೆ ಹೋಗುತ್ತಾರೆ. ಮದುವೆ ಮನೆ ಬಿಟ್ಟು ಹೊರಗೆ, ಬರೀ ಇಬ್ಬರೇ ಸೇರುವುದು ಅದೇ ಮೊದಲು. ಸೀರೆ ಒಡವೆ ಇಲ್ಲದ ಅವಳ ಗುರುತು ಸಿಗದೆ ಅವನು ಪಕ್ಕದಲ್ಲೇ ಹಾದು ಹೋಗುತ್ತಾನೆ. ಹಿಂದಕ್ಕೆ ಕರೆಯುವಾಗ ಅವಳು ಏನು ಅನ್ನಬೇಕು ಅನ್ನುವ ಒಂದು ವಾಕ್ಯಕ್ಕಾಗಿ ಈಗ ಒದ್ದಾಡುತ್ತಿದ್ದೇನೆ.

ಅದಾದ ಮೇಲೆ ನಿಜ ಶ್ರಾವಣ, ಪಿತೃಪಕ್ಷದ ಬಿಡುವು, ಕಾರ್ತಿಕ. ಡಿಸೆಂಬರ್ ನಡುವೆ ಧನುರ್ಮಾಸ ಬರುವಷ್ಟರಲ್ಲಿ ಕಥೆ ಮುಗಿಯಬೇಕು. ಕಾರ್ತಿಕದ ಮದುವೆಯಲ್ಲಿ ರೂಪಾಗೆ ಅಡುಗೆ ಮನೆ ಉಸ್ತುವಾರಿ ಕೊಡುವ ಯೋಚನೆ ಇದೆ. ಸಾವಿರ ಎಲೆ ಊಟಕ್ಕೆ ಸಾಮಾನು ಪಟ್ಟಿ ಹೇಗೆ ಹಾಕುತ್ತಾರೆ, ಕೊನೆ ಪಂಕ್ತಿಗೆ ಹೋಳಿಗೆ ಸಾಲದೆ ಬಂದರೆ ಏನು ಮಾಡುತ್ತಾರೆ ಅಂತ ಅಡುಗೆ ಭಟ್ಟರನ್ನೇ ಕೂರಿಸಿಕೊಂಡು ಕೇಳಬೇಕು. ನಿಮ್ಮ ಪರಿಚಯದ ಅಡುಗೆಯವರು ತುಮಕೂರು, ಗುಬ್ಬಿ ಕಡೆ ಇದ್ದರೆ ಹೇಳಿ, ನಾನೇ ಹೋಗಿ ಮಾತಾಡುತ್ತೇನೆ.