ಮೊದಲ ಹಿಮದ ಸ್ಕೀಯಿಂಗ್: ಹಿಮ ನಿಂತ ಕಡೆಯೇ ಅಪಾಯವೂ ನಿಂತಿರುತ್ತದೆ

ಸ್ಕೀ ಋತು ಶುರುವಾಗುವ ಹೊತ್ತಿಗೆ ಬೆಟ್ಟದ ತುಂಬ ಒಂದೇ ಸಮ ಹಿಮ ಇರುವುದಿಲ್ಲ. ಬಿಸಿಲು ಬೀಳುವ ಮಗ್ಗುಲಲ್ಲಿ ಹುಲ್ಲು, ಕಲ್ಲು ಇನ್ನೂ ಕಾಣುತ್ತಿರುತ್ತವೆ. ಸ್ಕೀ ಮಾಡುವಷ್ಟು ಹಿಮ ಇರುವುದು ಎತ್ತರದ ನೆರಳಿನ ಕಡೆ ಮತ್ತು ಗಾಳಿ ತಂದು ಸುರಿದ ತಗ್ಗುಗಳಲ್ಲಿ ಮಾತ್ರ. ಉತ್ತರ ಗೋಳಾರ್ಧದಲ್ಲಾದರೆ ಉತ್ತರಕ್ಕೋ ಪೂರ್ವಕ್ಕೋ ಮುಖ ಮಾಡಿದ ಇಳಿಜಾರುಗಳು. ಬೇಸಿಗೆಯಿಡೀ ಕಾದು ಕೂತವರೆಲ್ಲ ಹೋಗುವುದು ಅಲ್ಲಿಗೇ. ಹಿಮಕುಸಿತಕ್ಕೆ ಬೇಕಾದ ದುರ್ಬಲ ಪದರ ಉಳಿದುಕೊಂಡಿರುವುದೂ ಅಲ್ಲಿಯೇ. ಇದು ಕಾಕತಾಳೀಯವಲ್ಲ, ಎರಡಕ್ಕೂ ಕಾರಣ ಒಂದೇ.

ಅಕ್ಟೋಬರ್ ಕೊನೆಗೋ ನವೆಂಬರ್ ಮೊದಲಿಗೋ ಮೂವತ್ತು ಸೆಂಟಿಮೀಟರ್ ಹಿಮ ಬಿತ್ತು ಅಂದುಕೊಳ್ಳಿ. ಆಮೇಲೆ ಎರಡು ಮೂರು ವಾರ ಆಕಾಶ ತಿಳಿಯಾಗಿದೆ, ರಾತ್ರಿಯೆಲ್ಲ ಕೊರೆಯುವ ಚಳಿ. ಬಿಸಿಲಿನ ಮಗ್ಗುಲಿನ ಹಿಮ ಕರಗಿ ಹೋಯಿತು, ನೆರಳಿನದು ಉಳಿಯಿತು. ಉಳಿದ ಹಿಮದ ತಳ ನೆಲಕ್ಕೆ ಅಂಟಿರುವುದರಿಂದ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ, ಮೇಲ್ಮೈ ಮಾತ್ರ ರಾತ್ರಿ ಮೈನಸ್ 15ಕ್ಕೆ ಇಳಿಯುತ್ತದೆ. ಅಂದರೆ ಪ್ರತಿ 10 ಸೆಂಟಿಮೀಟರಿಗೆ 5 ಡಿಗ್ರಿ ವ್ಯತ್ಯಾಸ. ಈ ವ್ಯತ್ಯಾಸ 10 ಸೆಂಟಿಮೀಟರಿಗೆ 1 ಡಿಗ್ರಿ ದಾಟಿದರೆ ಸಾಕು, ಹಿಮದೊಳಗಿನ ನೀರಾವಿ ಬೆಚ್ಚಗಿನ ತಳದಿಂದ ತಣ್ಣನೆಯ ಮೇಲ್ಭಾಗಕ್ಕೆ ಹರಿಯುತ್ತ ಹರಳುಗಳ ಆಕಾರವನ್ನೇ ಬದಲಿಸುತ್ತದೆ. ಒಂದಕ್ಕೊಂದು ಬೆಸೆದುಕೊಂಡಿದ್ದ ಹರಳುಗಳು ದಪ್ಪವಾಗಿ, ಮೂಲೆ ಮೂಲೆಯಾಗಿ, ಬಿಡಿಬಿಡಿಯಾಗುತ್ತವೆ. ಸ್ಕೀ ಮಾಡುವವರು ಇವನ್ನು ಫ್ಯಾಸೆಟ್ ಅನ್ನುತ್ತಾರೆ. ನೆಲಕ್ಕೆ ಹತ್ತಿರ ಬೆಳೆದು ಬಟ್ಟಲಿನ ಆಕಾರಕ್ಕೆ ಬಂದವು ಡೆಪ್ತ್ ಹೋರ್. ಕೈಯಲ್ಲಿ ಹಿಡಿದು ಹಿಂಡಿದರೆ ಉಂಡೆಯಾಗುವುದಿಲ್ಲ, ದಪ್ಪ ಸಕ್ಕರೆಯ ಹಾಗೆ ಬೆರಳ ಸಂದಿಯಿಂದ ಸುರಿದುಹೋಗುತ್ತದೆ.

ಚಳಿ ಅಷ್ಟೇ ಇದ್ದು ಹಿಮ ಎರಡು ಮೀಟರ್ ದಪ್ಪ ಇದ್ದರೆ ಈ ವ್ಯತ್ಯಾಸ ಒಂದು ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ, ಹರಳುಗಳು ಮತ್ತೆ ಬೆಸೆದುಕೊಳ್ಳತೊಡಗುತ್ತವೆ. ಹಾಗಾಗಿ ಹಿಮ ಹೆಚ್ಚು ಬೀಳುವ ಕರಾವಳಿಯ ಬೆಟ್ಟಸಾಲುಗಳಲ್ಲಿ ದುರ್ಬಲ ಪದರ ಬೇಗ ವಾಸಿಯಾಗುತ್ತದೆ. ಅಮೆರಿಕದ ಕೊಲರಾಡೊದಂಥ ಒಳನಾಡಿನ ಒಣ, ಚಳಿ ಬೆಟ್ಟಗಳಲ್ಲಿ ನವೆಂಬರಿನ ಪದರ ವಸಂತದವರೆಗೂ ಕಾಡುವುದುಂಟು. ‘ಹಿಮ ಕಡಿಮೆ ಇದೆ, ಹಾಗಾಗಿ ಹಿಮಕುಸಿತದ ಭಯವಿಲ್ಲ’ ಅನ್ನುವ ಮಾತು ಎಷ್ಟು ತಪ್ಪು ಅನ್ನುವುದು ಇಲ್ಲಿಯೇ ತಿಳಿಯುತ್ತದೆ. ಹಿಮ ತೆಳ್ಳಗಿರುವುದೇ ಅದು ದುರ್ಬಲವಾಗಲು ಕಾರಣ.

ಆದರೆ ಬಿಡಿ ಹರಳಿನ ಪದರವೊಂದರಿಂದಲೇ ದೊಡ್ಡ ಕುಸಿತ ಆಗುವುದಿಲ್ಲ. ಅದರ ಮೇಲೆ ಒಟ್ಟಾಗಿ ಹಿಡಿದುಕೊಂಡಿರುವ ಇನ್ನೊಂದು ಪದರ, ಅಂದರೆ ಸ್ಲ್ಯಾಬ್, ಬಂದು ಕೂರಬೇಕು. ಅದನ್ನು ತರುವುದು ಎಲ್ಲರೂ ಕಾಯುತ್ತಿರುವ ಆ ಮೊದಲ ದೊಡ್ಡ ಹಿಮಗಾಳಿಯೇ. ಒಂದು ದಿನದಲ್ಲಿ 30 ಸೆಂಟಿಮೀಟರ್ ಹೊಸ ಹಿಮ ಬಿದ್ದರೆ ಬಹುತೇಕ ಕಡೆ ಎಚ್ಚರದ ಗೆರೆ ದಾಟಿದ ಹಾಗೆ. ಗಾಳಿ ಇದ್ದರೆ ಅಷ್ಟೂ ಬೇಡ. ರಿಡ್ಜಿನ, ಅಂದರೆ ಬೆಟ್ಟದ ಏಣಿನ, ಒಂದು ಬದಿಯ ಹಿಮವನ್ನು ಗಾಳಿ ಗುಡಿಸಿ ಇನ್ನೊಂದು ಬದಿಗೆ ಹಾಕುತ್ತದೆ. ಮುಗಿಲಿನಿಂದ ಬೀಳುವುದಕ್ಕಿಂತ ಹತ್ತು ಪಟ್ಟು ವೇಗದಲ್ಲಿ ಹಿಮ ಅಲ್ಲಿ ಸೇರಬಹುದು. ಮನೆ ಮುಂದೆ 10 ಸೆಂಟಿಮೀಟರ್ ಬಿದ್ದಿದೆ ಅನ್ನುವ ಲೆಕ್ಕ ರಿಡ್ಜಿನ ಕೆಳಗಿನ ಮರೆಯಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಮೇಲ್ಮೈ ಉಬ್ಬಿ ನುಣುಪಾಗಿ, ಸ್ಕೀ ಇಟ್ಟಾಗ ಡೊಳ್ಳು ಬಡಿದ ಸದ್ದು ಬಂದರೆ ಅದು ಗಾಳಿ ಕಟ್ಟಿದ ಸ್ಲ್ಯಾಬ್.

ಜನರನ್ನು ಕೊಲ್ಲುವ ಕುಸಿತಗಳಲ್ಲಿ ಹೆಚ್ಚಿನವು ತಾವಾಗಿ ಬೀಳುವುದಿಲ್ಲ. ಸಿಕ್ಕಿಬಿದ್ದವರೋ ಅವರ ಜೊತೆಯವರೋ ಅದನ್ನು ಎಬ್ಬಿಸಿರುತ್ತಾರೆ. ಸ್ಕೀಯ ಭಾರ ಸ್ಲ್ಯಾಬಿನ ಮೂಲಕ ಇಳಿದು ದುರ್ಬಲ ಪದರದಲ್ಲಿ ಒಂದು ಸಣ್ಣ ಜಾಗವನ್ನು ಕುಸಿಯುವಂತೆ ಮಾಡುತ್ತದೆ, ಅಲ್ಲಿಂದ ಬಿರುಕು ಪದರದ ಉದ್ದಕ್ಕೂ ಓಡುತ್ತದೆ. ಸ್ಲ್ಯಾಬ್ ದಪ್ಪ ಇರುವಲ್ಲಿ ಭಾರ ಕೆಳಗೆ ಮುಟ್ಟದೆ ಇರಬಹುದು. ಬಂಡೆಯ ಪಕ್ಕದಲ್ಲಿ, ಉಬ್ಬಿನ ಮೇಲೆ, ಸ್ಲ್ಯಾಬಿನ ಅಂಚಿನಲ್ಲಿ ಮುಟ್ಟಿಯೇ ಮುಟ್ಟುತ್ತದೆ. ಋತುವಿನ ಆರಂಭದಲ್ಲಿ ಎಲ್ಲ ಕಡೆ ಬಂಡೆ ತಲೆ ಎತ್ತಿರುತ್ತದೆ. ಆದ್ದರಿಂದ ಮೂರು ಜನ ಇಳಿದುಹೋದ ಜಾಗದಲ್ಲಿ ನಾಲ್ಕನೆಯವರ ಕಾಲಕೆಳಗೆ ಇಳಿಜಾರು ಒಡೆಯುವುದು ಆಶ್ಚರ್ಯವಲ್ಲ. ಬೇರೆಯವರ ಸ್ಕೀ ಗುರುತು ಕಂಡರೆ ಅದು ಸುರಕ್ಷಿತ ಅಂತ ಓದಿಕೊಳ್ಳಬೇಡಿ.

ಪದರ ಹೇಗಿದೆ ಅನ್ನುವುದು ಊಹೆ; ಇಳಿಜಾರಿನ ಕೋನ ಊಹೆಯಲ್ಲ, ಅಳೆಯಬಹುದು. ಆರಂಭದ ವಾರಗಳಲ್ಲಿ ಎಲ್ಲಕ್ಕಿಂತ ಹೆಚ್ಚು ನಂಬಬೇಕಾದ್ದು ಇದನ್ನೇ ಎನ್ನುವುದು ನಮ್ಮ ಗಟ್ಟಿ ಅಭಿಪ್ರಾಯ. ಸ್ಲ್ಯಾಬ್ ಕುಸಿತಗಳು ಬಹುಪಾಲು 30ರಿಂದ 45 ಡಿಗ್ರಿಯ ನಡುವೆ ಆಗುತ್ತವೆ, ಅದರಲ್ಲೂ 38ರ ಸುತ್ತಮುತ್ತ ಅತಿ ಹೆಚ್ಚು. ಸ್ಕೀಗೆ ಸೊಗಸಾದ ಇಳಿಜಾರೂ ಅದೇ. 1:25,000 ನಕಾಶೆಯಲ್ಲಿ 20 ಮೀಟರಿನ ಎತ್ತರದ ಗೆರೆಗಳ ನಡುವೆ 1.4 ಮಿಲಿಮೀಟರ್ ಅಂತರ ಇದ್ದರೆ ಅದು 30 ಡಿಗ್ರಿ; ಅಂತರ ಅದಕ್ಕಿಂತ ಕಡಿಮೆ ಆದಷ್ಟೂ ಕಡಿದು. ಕೋನವನ್ನು ಬಣ್ಣದಲ್ಲಿ ತೋರಿಸುವ ಮೊಬೈಲ್ ನಕಾಶೆಗಳು ಅನುಕೂಲವೇ, ಆದರೆ ಚಿಕ್ಕ ಚಿಕ್ಕ ಕಡಿದಾದ ತುಂಡುಗಳನ್ನು ಅವು ನುಂಗಿಬಿಡುತ್ತವೆ. ಸ್ಥಳದಲ್ಲಿ ಅಳೆಯುವಾಗ ಸ್ಕೀ ಕೋಲನ್ನು ಇಳಿಜಾರಿನ ಉದ್ದಕ್ಕೆ ಹಿಮದ ಮೇಲೆ ಮಲಗಿಸಿ, ಅದರ ಮೇಲೆ ಮೊಬೈಲಿನ ಕೋನಮಾಪಕ ಇಡಿ. ಕೋಲು ಸಣ್ಣ ಉಬ್ಬುತಗ್ಗುಗಳನ್ನು ಸರಿದೂಗಿಸುತ್ತದೆ.

ನೀವು ನಿಂತಿರುವ ಜಾಗ 25 ಡಿಗ್ರಿ ಅಂದಮಾತ್ರಕ್ಕೆ ಮುಗಿಯಲಿಲ್ಲ. ಮೇಲೆ ಏನು ತೂಗುತ್ತಿದೆ ನೋಡಿ. ಹಳೆಯ ಫ್ಯಾಸೆಟ್ ಪದರ ಇರುವಾಗ ಸಮತಟ್ಟು ನೆಲದಲ್ಲಿ ನಡೆಯುತ್ತಿದ್ದರೂ ಬಿರುಕು ಮೇಲಕ್ಕೆ ಓಡಿ ಇಡೀ ಇಳಿಜಾರನ್ನು ನಿಮ್ಮ ಮೇಲೆ ತರಬಲ್ಲದು. ಕೆಳಗೆ ಏನಿದೆ ಅನ್ನುವುದೂ ಅಷ್ಟೇ ಮುಖ್ಯ. ಕೊರಕಲು, ಹಳ್ಳದ ಪಾತ್ರ, ರಸ್ತೆ ಕಡಿದ ತಗ್ಗು ಇದ್ದರೆ ಸಣ್ಣ ಕುಸಿತವೂ ಆಳವಾಗಿ ಹೂಳುತ್ತದೆ. ಬಂಡೆಗಳಿದ್ದರೆ ಸಾಯಲು ಹೂತುಹೋಗುವುದೇ ಬೇಡ. ಕೆನಡಾದ ಒಂದು ಅಧ್ಯಯನದಲ್ಲಿ ಹಿಮಕುಸಿತದ ಸಾವುಗಳ ಪೈಕಿ ಸುಮಾರು ನಾಲ್ಕನೇ ಒಂದು ಭಾಗ ಉಸಿರುಕಟ್ಟಿ ಆದದ್ದಲ್ಲ, ಪೆಟ್ಟಿನಿಂದ ಆದದ್ದು. ಕಲ್ಲು, ಕೊರಡುಗಳನ್ನು ಮುಚ್ಚುವಷ್ಟು ಹಿಮ ಬಿದ್ದಿರದ ದಿನಗಳಲ್ಲಿ ಪೆಟ್ಟಿನ ಪಾಲನ್ನು ಇನ್ನೂ ದೊಡ್ಡದೆಂದೇ ಎಣಿಸಿಕೊಂಡು ಹೊರಡಬೇಕು.

ಹಿಮಕುಸಿತದ ಬುಲೆಟಿನ್, ಅಂದರೆ ಆ ಪ್ರದೇಶದ ಅಪಾಯದ ಮುನ್ಸೂಚನೆ, ಓದದೆ ಹೊರಡಬೇಡಿ. ಆದರೆ ಆರಂಭದ ವಾರಗಳಲ್ಲಿ ಅನೇಕ ಕಡೆ ಬುಲೆಟಿನ್ ದಿನಾ ಬರುವುದಿಲ್ಲ, ಬಂದರೂ ಬೆಟ್ಟದಿಂದ ಮಾಹಿತಿ ಕಳಿಸುವವರು ಕಡಿಮೆ. ಅಪಾಯದ ಮಟ್ಟ 1ರಿಂದ 5. ಯುರೋಪಿನ ದೇಶಗಳು ಈ ಐದು ಮೆಟ್ಟಿಲಿನ ಅಳತೆಯನ್ನು ಒಪ್ಪಿಕೊಂಡದ್ದು 1993ರಲ್ಲಿ. ಮೆಟ್ಟಿಲುಗಳ ಎತ್ತರ ಸಮನಾಗಿಲ್ಲ, ಮೇಲೆ ಹೋದಂತೆ ಅಪಾಯ ಬಹಳ ವೇಗವಾಗಿ ಏರುತ್ತದೆ. ಮಟ್ಟ 3 ನಡುಮಟ್ಟದಂತೆ ಕಾಣುತ್ತದೆ, ಸಾವುಗಳು ಹೆಚ್ಚಾಗಿ ಆಗುವುದು ಆ ದಿನಗಳಲ್ಲೇ. ಅಂಕಿಯನ್ನಷ್ಟೇ ನೋಡಿ ಪುಟ ಮುಚ್ಚುವ ಬದಲು ಯಾವ ಸಮಸ್ಯೆ, ಯಾವ ಎತ್ತರದ ಮೇಲೆ, ಯಾವ ದಿಕ್ಕಿನ ಇಳಿಜಾರಲ್ಲಿ ಅಂತ ಓದಿ. ಗಾಳಿಯ ಸ್ಲ್ಯಾಬ್ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ತಣಿಯುತ್ತದೆ. ‘ಹಳೆಯ ಹಿಮ’ ಅಥವಾ ‘ಉಳಿದುಕೊಂಡ ದುರ್ಬಲ ಪದರ’ ಅಂತ ಬರೆದಿದ್ದರೆ ವಾರಗಟ್ಟಲೆ ತಣಿಯುವುದಿಲ್ಲ, ಅಂಥಲ್ಲಿ ಜಾಣತನ ನಡೆಯುವುದಿಲ್ಲ, ಆ ಇಳಿಜಾರನ್ನು ಬಿಡುವುದೊಂದೇ ದಾರಿ.

ಬೆಟ್ಟವೂ ತಾನಾಗಿ ಹೇಳುತ್ತದೆ. ಅಕ್ಕಪಕ್ಕದಲ್ಲಿ ಹೊಸ ಕುಸಿತದ ಗುರುತು, ಸ್ಕೀಯ ತುದಿಯಿಂದ ಓಡುವ ಬಿರುಕು, ಕಾಲಿಟ್ಟಾಗ ‘ಧುಮ್’ ಎಂದು ಹಿಮ ಕುಗ್ಗುವ ಸದ್ದು: ಇವುಗಳಲ್ಲಿ ಒಂದು ಕಂಡರೂ ಅದೇ ದಿಕ್ಕು, ಅದೇ ಎತ್ತರದ 30 ಡಿಗ್ರಿ ಮೀರಿದ ಜಾಗ ಆ ದಿನಕ್ಕೆ ಮುಗಿಯಿತು. ಗುಂಡಿ ತೋಡಿ ನೋಡುವುದಕ್ಕೂ ಇದು ಒಳ್ಳೆಯ ಕಾಲ, ಹಿಮ ಅರ್ಧ ಮುಕ್ಕಾಲು ಮೀಟರ್ ಇರುವುದರಿಂದ ಬೇಗ ನೆಲ ಸಿಗುತ್ತದೆ. ಇಳಿಯಬೇಕೆಂದಿರುವ ಇಳಿಜಾರಿನ ದಿಕ್ಕು, ಎತ್ತರವೇ ಇರುವ, ಆದರೆ ಅಪಾಯವಿಲ್ಲದ ಪುಟ್ಟ ಜಾಗದಲ್ಲಿ ತೋಡಿ. ಇಳಿಜಾರಿಗೆ ಅಡ್ಡಲಾಗಿ 90 ಸೆಂಟಿಮೀಟರ್, ಮೇಲ್ಮುಖವಾಗಿ 30 ಸೆಂಟಿಮೀಟರ್ ಇರುವ ಹಿಮದ ಕಂಬವನ್ನು ಸುತ್ತ ಕತ್ತರಿಸಿ ಬಿಡಿಸಿ. ಒಂದು ತುದಿಯ ಮೇಲೆ ಸಲಿಕೆಯ ಅಲಗು ಇಟ್ಟು ಮಣಿಕಟ್ಟಿನಿಂದ 10, ಮೊಣಕೈಯಿಂದ 10, ಭುಜದಿಂದ 10 ಸಲ ತಟ್ಟಿ. ಬಿರುಕು ಹುಟ್ಟಿದ ತಟ್ಟಿಗೋ ಮರುತಟ್ಟಿಗೋ ಅದು ಇನ್ನೊಂದು ತುದಿಯವರೆಗೆ ಓಡಿದರೆ ಹಿಂದಿರುಗಿ. ಓಡದಿದ್ದರೆ? ಅದು ಆ ಒಂದು ಗುಂಡಿಯ ಉತ್ತರ ಮಾತ್ರ. ಇಪ್ಪತ್ತು ಮೀಟರ್ ಆಚೆ ಬೇರೆ ಉತ್ತರ ಸಿಗಬಹುದು. ‘ಬೇಡ’ ಅನ್ನಲು ಈ ಪರೀಕ್ಷೆ ಸಾಕು, ‘ಹೋಗು’ ಅನ್ನಲು ಸಾಲದು.

ಇನ್ನೂ ತೆರೆಯದ ಸ್ಕೀ ರೆಸಾರ್ಟಿನಲ್ಲಿ ಇಳಿಯಲು ಮಾಡಿದ ಪಟ್ಟಿಗಳ ಮೇಲೆ ಸ್ಕಿನ್ (ಹತ್ತುವಾಗ ಜಾರದಂತೆ ಸ್ಕೀಯ ತಳಕ್ಕೆ ಅಂಟಿಸುವ ಪಟ್ಟಿ) ಹಚ್ಚಿ ಹತ್ತುವವರು ಬಹಳ. ಲಿಫ್ಟು, ಫಲಕ, ಬೇಲಿ ಎಲ್ಲ ಕಾಣುವುದರಿಂದ ಕಾವಲಿರುವ ಜಾಗ ಅನ್ನಿಸುತ್ತದೆ. ಆದರೆ ತೆರೆಯುವ ಮೊದಲು ಅಲ್ಲಿ ಸ್ಫೋಟಕ ಹಾಕಿ ಇಳಿಜಾರು ಪರೀಕ್ಷಿಸಿರುವುದಿಲ್ಲ, ಗಸ್ತೂ ಇರುವುದಿಲ್ಲ. ಅದು ಕಾಡು ಬೆಟ್ಟಕ್ಕೆ ಸಮ. ಜೊತೆಗೆ ಅಲ್ಲಿಯದೇ ಆದ ಅಪಾಯವೊಂದಿದೆ. ಹಿಮ ಸಮ ಮಾಡುವ ಯಂತ್ರವನ್ನು ಕಡಿದಾದ ಪಟ್ಟಿಗಳಲ್ಲಿ ಉಕ್ಕಿನ ಹಗ್ಗಕ್ಕೆ ಕಟ್ಟಿ ಓಡಿಸುತ್ತಾರೆ. ಯಂತ್ರ ದಿಬ್ಬದ ಆಚೆ, ಕಣ್ಣಿಗೆ ಕಾಣದಷ್ಟು ದೂರ ಇರಬಹುದು. ಹಿಮದಲ್ಲಿ ಹೂತಿದ್ದ ಹಗ್ಗ ಫಕ್ಕನೆ ಬಿಗಿದು ಮೇಲೆದ್ದರೆ ಅದಕ್ಕೆ ಸಿಕ್ಕವರು ಉಳಿಯುವುದು ಕಷ್ಟ. ರೆಸಾರ್ಟಿನವರು ಹತ್ತಲು ಒಪ್ಪಿದ ದಾರಿ, ಒಪ್ಪಿದ ಸಮಯ ಬಿಟ್ಟು ಬೇರೆ ಕಡೆ, ಬೇರೆ ಹೊತ್ತಲ್ಲಿ, ಅದರಲ್ಲೂ ಕತ್ತಲಾದ ಮೇಲೆ ಅಲ್ಲಿ ಕಾಲಿಡಬೇಡಿ.

ಸಲಕರಣೆಯ ವಿಷಯ. ಹಳೆಯ ಸ್ಕೀ ಇದ್ದರೆ ಈ ವಾರಗಳಿಗೆ ಅದೇ ಸರಿ, ಕಲ್ಲಿಗೆ ತಳ ಕೆತ್ತಿಹೋಗುತ್ತದೆ. ವೇಗ ಕಡಿಮೆ ಇರಲಿ, ಹಾರುವುದು ಬೇಡ. ಹಿಮದಡಿ ಕೊರಡು ಎಲ್ಲಿದೆಯೋ ಗೊತ್ತಿರುವುದಿಲ್ಲ. ಸ್ಕಿನ್ನಿನ ಅಂಟು ಬೇಸಿಗೆಯಲ್ಲಿ ಒಣಗಿದೆಯೇ ಅಂತ ಚಳಿಯಲ್ಲಿ ಹಚ್ಚಿ ನೋಡಿ, ಮನೆಯೊಳಗೆ ಚೆನ್ನಾಗಿ ಅಂಟಿದ್ದು ಬೆಟ್ಟದಲ್ಲಿ ಕಳಚುವುದುಂಟು. ಚೀಲದಲ್ಲಿ ಎರಡು ರಬ್ಬರ್ ಪಟ್ಟಿ ಮತ್ತು ಪೋಜಿಡ್ರೈವ್ 3ನೇ ಸೈಜಿನ ಸ್ಕ್ರೂಡ್ರೈವರ್ ಬಿಟ್ ಇರಲಿ. ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗಿನ ಸ್ಕ್ರೂಗಳಿಗೆ ಮಾಮೂಲಿ ಫಿಲಿಪ್ಸ್ ಬಿಟ್ ಹಾಕಿದರೆ ತಲೆ ಸವೆದುಹೋಗುತ್ತದೆ.

ಟ್ರಾನ್ಸೀವರ್ (ಸಂಕೇತ ಕಳಿಸುವ, ಹೂತವರ ಸಂಕೇತ ಹಿಡಿದು ಹುಡುಕುವ ಯಂತ್ರ), ಪ್ರೋಬ್ (ಹಿಮಕ್ಕೆ ಚುಚ್ಚಿ ನೋಡುವ ಉದ್ದನೆಯ ಕೋಲು), ಸಲಿಕೆ: ಈ ಮೂರೂ ಪ್ರತಿಯೊಬ್ಬರ ಬಳಿ ಇರಬೇಕು, ಒಂದಿಲ್ಲದಿದ್ದರೆ ಉಳಿದೆರಡು ಹೆಚ್ಚು ಪ್ರಯೋಜನಕ್ಕೆ ಬರುವುದಿಲ್ಲ. ಈಗಿನ ಟ್ರಾನ್ಸೀವರ್‌ಗಳೆಲ್ಲ 457 ಕಿಲೋಹರ್ಟ್ಸ್‌ನಲ್ಲಿ ಕೆಲಸ ಮಾಡುವುದರಿಂದ ಬೇರೆ ಬೇರೆ ಕಂಪನಿಯವೂ ಒಂದನ್ನೊಂದು ಹುಡುಕುತ್ತವೆ. ಕಳೆದ ವರ್ಷದ ಬ್ಯಾಟರಿ ಒಳಗೇ ಉಳಿದಿದ್ದರೆ ಸೋರಿ ಹಸಿರು ಕಟ್ಟಿದೆಯೇ ನೋಡಿ, ಹೊಸ ಆಲ್ಕಲೈನ್ ಹಾಕಿ. ತಯಾರಕರು ಒಪ್ಪದ ಹೊರತು ಮರುಚಾರ್ಜ್ ಆಗುವ ಬ್ಯಾಟರಿ ಬೇಡ, ಅದರಲ್ಲಿ ಉಳಿದ ಶಕ್ತಿಯನ್ನು ಯಂತ್ರ ತಪ್ಪಾಗಿ ತೋರಿಸುತ್ತದೆ. ಮೊಬೈಲು, ಕ್ಯಾಮೆರಾ, ಬಿಸಿ ಕೈಗವಸು ಇವೆಲ್ಲ ಮಾಮೂಲಿ ಹೊತ್ತಲ್ಲಿ 20, ಹುಡುಕುವಾಗ 50 ಸೆಂಟಿಮೀಟರ್ ದೂರ ಇರಲಿ. ಪ್ರೋಬ್ 240 ಸೆಂಟಿಮೀಟರಿಗೆ ಕಡಿಮೆ ಬೇಡ, ಸಲಿಕೆಯ ಅಲಗು ಲೋಹದ್ದೇ ಆಗಬೇಕು. ಕುಸಿದು ನಿಂತ ಹಿಮಕ್ಕೆ ಪ್ಲಾಸ್ಟಿಕ್ ಮುರಿಯುತ್ತದೆ. ಕುಸಿತದಲ್ಲಿ ಉಬ್ಬಿಕೊಳ್ಳುವ ಚೀಲವಾದ ಏರ್‌ಬ್ಯಾಗ್ ಮೇಲೆ ತೇಲಿಸಲು ನೆರವಾಗುತ್ತದೆ ನಿಜ, ಬಂಡೆಯಿಂದ ಕಾಪಾಡುವುದಿಲ್ಲ.

ಪೂರ್ತಿ ಹೂತುಹೋದವರನ್ನು 10 ನಿಮಿಷದೊಳಗೆ ಬಿಡಿಸಿದರೆ ಹತ್ತರಲ್ಲಿ ಒಂಬತ್ತು ಜನ ಬದುಕುತ್ತಾರೆ. ಅರ್ಧ ಗಂಟೆಯ ಹೊತ್ತಿಗೆ ಅದು ಸುಮಾರು ಮೂರನೇ ಒಂದಕ್ಕೆ ಇಳಿದಿರುತ್ತದೆ. ಹೊರಗಿನ ರಕ್ಷಣಾ ತಂಡ ಅಷ್ಟರಲ್ಲಿ ಬರುವುದು ಅಪರೂಪ. ಆದ್ದರಿಂದ ಕಡಿದಾದ ಜಾಗದಲ್ಲಿ ಒಬ್ಬೊಬ್ಬರೇ ಇಳಿಯಿರಿ, ಉಳಿದವರು ಕುಸಿತ ಮುಟ್ಟದ ಜಾಗದಲ್ಲಿ ನಿಂತು ಕಣ್ಣಿಟ್ಟಿರಲಿ. ಯಾರಾದರೂ ಸಿಕ್ಕಿಬಿದ್ದರೆ ಕೊನೆಗೆ ಕಂಡ ಜಾಗ ಗುರುತಿಸಿ, ಎಲ್ಲರೂ ಟ್ರಾನ್ಸೀವರನ್ನು ಹುಡುಕುವ ಸ್ಥಿತಿಗೆ ತನ್ನಿ. ಒಬ್ಬರು ಮರೆತರೂ ಎಲ್ಲರೂ ಆ ಸಂಕೇತದ ಹಿಂದೆ ಓಡುತ್ತೀರಿ. ಯಂತ್ರದ ಪರದೆ ತೋರಿಸುವ ಬಾಣದ ಹಾದಿ ಹಿಡಿದು ಬೇಗ ಹೋಗಿ, 10 ಮೀಟರಿನಿಂದ ನಿಧಾನಿಸಿ, 3 ಮೀಟರಿನಿಂದ ಯಂತ್ರವನ್ನು ಹಿಮಕ್ಕೆ ತಾಗಿಸಿ, ತಿರುಗಿಸದೆ, ಅಡ್ಡ ಉದ್ದ ಸರಿಸಿ ದೂರದ ಅತಿ ಕಡಿಮೆ ಅಂಕಿ ಹುಡುಕಿ. ಅಲ್ಲಿಂದ 25 ಸೆಂಟಿಮೀಟರಿಗೊಂದರಂತೆ ಸುರುಳಿಯಾಗಿ, ಹಿಮದ ಮೇಲ್ಮೈಗೆ ಲಂಬವಾಗಿ ಪ್ರೋಬ್ ಚುಚ್ಚಿ. ತಾಗಿದರೆ ಅದನ್ನು ಕೀಳಬೇಡಿ.

ಅಗೆಯುವುದು ಪ್ರೋಬಿನ ಬುಡದಿಂದಲ್ಲ. ಆಳದ ಒಂದೂವರೆ ಪಟ್ಟು ದೂರ ಇಳಿಜಾರಿನ ಕೆಳಬದಿಗೆ ಹೋಗಿ ಅಲ್ಲಿಂದ ಅಡ್ಡಲಾಗಿ ಒಳನುಗ್ಗಿ. ಮುಂದಿನವರು ಕತ್ತರಿಸಿ ಹಿಂದಕ್ಕೆ ತಳ್ಳಲಿ, ಹಿಂದಿನವರು ಅದನ್ನು ಇನ್ನೂ ಕೆಳಗೆ ತಳ್ಳಲಿ, ಎತ್ತಿ ಎಸೆಯಲು ಹೋದರೆ ಬೇಗ ಸುಸ್ತಾಗುತ್ತೀರಿ. ಮೊದಲು ಮುಖ, ಬಾಯಿಯ ಹಿಮ ತೆಗೆದು ಎದೆ ಬಿಡಿಸಿ. ಉಸಿರಿಲ್ಲದಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ಕೊಡುವುದು ಅಲ್ಲಿಂದಲೇ ಶುರುವಾಗಲಿ, ಪೂರ್ತಿ ಹೊರಗೆಳೆಯುವ ತನಕ ಕಾಯಬೇಡಿ. ಮೊದಲ ಹಿಮ ಬಿದ್ದ ವಾರವೇ ಸಮತಟ್ಟು ಜಾಗದಲ್ಲಿ ಚೀಲದೊಳಗೆ ಹೆಚ್ಚುವರಿ ಟ್ರಾನ್ಸೀವರ್ ಇಟ್ಟು, ಸಾಧ್ಯವಾದಷ್ಟು ಆಳದಲ್ಲಿ ಹೂತು ಅಭ್ಯಾಸ ಮಾಡಿ. ಅಭ್ಯಾಸ ಮಾಡುವವರು ಪ್ರೋಬ್ ತಾಗಿದ ಕೂಡಲೇ ‘ಸಿಕ್ಕಿತು’ ಅಂತ ನಿಲ್ಲಿಸುತ್ತಾರೆ. ನಿಲ್ಲಿಸಬೇಡಿ, ಚೀಲ ಕೈಗೆ ಬರುವವರೆಗೂ ಗಡಿಯಾರ ಓಡುತ್ತಿರಲಿ: ಒಂದು ಮೀಟರ್ ಆಳದಿಂದ ಒಬ್ಬರನ್ನು ಬಿಡಿಸಲು ಒಂದು ಟನ್ನಿಗೂ ಹೆಚ್ಚು ಹಿಮ ಸರಿಸಬೇಕು, ಹೆಚ್ಚಿನ ಹೊತ್ತು ಹೋಗುವುದು ಸಲಿಕೆಗೇ.