ಮನೆಯ ಐವಿಆರ್: ಬಟನ್ ಟೋನ್ ಮತ್ತು ಮಾತು

ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಮೇಲೆ ಆಸ್ಟರಿಸ್ಕ್ ಎಂಬ ಫೋನ್ ಎಕ್ಸ್‌ಚೇಂಜ್ ಸಾಫ್ಟ್‌ವೇರ್ ಹಾಕಿ ಕಟ್ಟುತ್ತಿರುವ ಕನ್ನಡ ಐವಿಆರ್ (ಬಟನ್ ಒತ್ತಿದರೆ ಅಥವಾ ಅಂಕಿ ಹೇಳಿದರೆ ಉತ್ತರ ಕೊಡುವ ಫೋನ್ ವ್ಯವಸ್ಥೆ) ಈಗ ಕರೆ ಎತ್ತುತ್ತದೆ. ಸಿಪ್, ಅಂದರೆ ಇಂಟರ್ನೆಟ್ ಕರೆಯನ್ನು ಜೋಡಿಸುವ ನಿಯಮಗಳ ಭಾಗ, ಬೇಗ ಮುಗಿಯಿತು. ಇನ್ವೈಟ್ (ಕರೆಯ ಕೋರಿಕೆ) ಬಂದರೆ ಉತ್ತರವಾಗಿ 180 ಎಂಬ ಸಂಕೇತ ಹೋಗುತ್ತದೆ, ಆಚೆ ಕಡೆ ರಿಂಗ್ ಕೇಳುತ್ತದೆ, 200 ಓಕೆ ಹೋದ ಮೇಲೆ ಮಾತು ಶುರು.

ಈ ಸಲ ಪೂರ್ತಿ ಕೂತಿದ್ದು ಡಿಟಿಎಂಎಫ್, ಅಂದರೆ ಬಟನ್ ಒತ್ತಿದಾಗ ಹೊರಡುವ ಟೋನ್‌ಗಳ ಮೇಲೆ. ಸಿಪ್ ಫೋನ್ ಆದರೆ ಬಟನ್ ಸುದ್ದಿಯನ್ನು ಆರ್‌ಎಫ್‌ಸಿ 4733 ಎಂಬ ಇಂಟರ್ನೆಟ್ ನಿಯಮದ ಪ್ರಕಾರ, ದನಿ ಸಾಗಿಸುವ ಪ್ಯಾಕೆಟ್‌ಗಳ ಜೊತೆ ಬೇರೆ ಆರ್‌ಟಿಪಿ ಪ್ಯಾಕೆಟ್‌ನಲ್ಲೇ ಕಳಿಸಬಹುದು. ನಾನು ಎಟಿಎಗೆ (ಹಳೇ ಫೋನನ್ನು ಇಂಟರ್ನೆಟ್ ಕರೆಗೆ ಜೋಡಿಸುವ ಡಬ್ಬಿ) ಹಳೇ ಲ್ಯಾಂಡ್‌ಲೈನ್ ಸೆಟ್ ಸಿಕ್ಕಿಸಿ, ಟೋನ್ ದನಿಯ ಜೊತೆಯಲ್ಲೇ ಬರುವ ಹಾಗೆ ಇಟ್ಟಿದ್ದೇನೆ. ಆಸ್ಟರಿಸ್ಕ್‌ನಲ್ಲಿ ಟೋನ್ ಗುರುತಿಸುವ ಡಿಟೆಕ್ಟರ್ ಇದೆ ನಿಜ. ಆದರೆ ಒಳಗೆ ಏನಾಗುತ್ತದೆ ಅಂತ ನೋಡುವ ಆಸೆ, ಅದಕ್ಕೇ ನನ್ನದೇ ಒಂದು ಬರೆದೆ.

5 ಒತ್ತಿದರೆ 770 ಮತ್ತು 1336 ಹರ್ಟ್ಜ್ ಟೋನ್‌ಗಳು ಒಟ್ಟಿಗೆ ಹೊರಡುತ್ತವೆ. ಅಡ್ಡ ಸಾಲಿಗೊಂದು, ಉದ್ದ ಸಾಲಿಗೊಂದು. ಮಾಮೂಲಿ ಕೀಪ್ಯಾಡ್‌ಗೆ ಬೇಕಾದ್ದು 7 ಟೋನ್ ಅಷ್ಟೇ. ಅದಕ್ಕೆ ದನಿಯ ಎಲ್ಲ ಕಂಪನಗಳನ್ನೂ ಬಿಡಿಸುವ ಪೂರ್ತಿ ಎಫ್‌ಎಫ್‌ಟಿ ಲೆಕ್ಕ ಯಾಕೆ? ಜೆರಾಲ್ಡ್ ಗೋರ್ಟ್ಜೆಲ್ 1958ರಲ್ಲಿ ಕೊಟ್ಟ, ಬೇಕಾದ ಟೋನ್‌ಗಳನ್ನಷ್ಟೇ ಅಳೆಯುವ ವಿಧಾನ ಸಾಕು. ಸೆಕೆಂಡಿಗೆ ದನಿಯ 8000 ಸ್ಯಾಂಪಲ್ (ಅಳತೆ) ಬರುತ್ತವೆ. 205 ಸ್ಯಾಂಪಲ್ ಸೇರಿದರೆ ಒಂದು ಬ್ಲಾಕ್, ಸುಮಾರು 25 ಮಿಲಿಸೆಕೆಂಡ್.

ಬಟನ್‌ಗಳೆಲ್ಲ ಸರಿಯಾಗಿ ಸಿಕ್ಕವು. ಆದರೆ ಅಕ್ಕ ಫೋನಿನಲ್ಲಿ ಸುಮ್ನೆ ಮಾತಾಡುತ್ತಿದ್ದಾಗ ಲಾಗ್‌ನಲ್ಲಿ ‘3’ ಬಂತು. ಯಾರೂ ಏನೂ ಒತ್ತಿರಲಿಲ್ಲ. ಇದಕ್ಕೆ ಟಾಕ್-ಆಫ್ ಅಂತಾರೆ. ದನಿಯಲ್ಲಿ ಮೂಲ ಕಂಪನದ ಜೊತೆ ಅದರ ಎರಡರಷ್ಟು, ಮೂರರಷ್ಟು ಕಂಪನಗಳೂ ಇರುತ್ತವೆ ಅಲ್ವಾ, ಅವುಗಳಲ್ಲಿ ಎರಡು 697 ಮತ್ತು 1477ರ ಹತ್ತಿರ ಬಿದ್ದರೆ ಡಿಟೆಕ್ಟರ್ ಅದನ್ನು 3 ಅಂದುಕೊಳ್ಳುತ್ತದೆ. ಬಟನ್ ಟೋನ್ ಹಾಗಲ್ಲ, ಅದು ಶುದ್ಧ. ಹಾಗಾಗಿ ಸಿಕ್ಕ ಟೋನ್‌ನ ಎರಡರಷ್ಟು ಹರ್ಟ್ಜ್‌ನಲ್ಲೂ ಶಕ್ತಿ ಇದ್ದರೆ ಅದು ಮಾತು ಅಂತ ತಳ್ಳಿಹಾಕುತ್ತೇನೆ. ಒಂದರ ಹಿಂದೊಂದು ಎರಡು ಬ್ಲಾಕ್‌ನಲ್ಲಿ ಅದೇ ಅಂಕಿ ಬರಬೇಕು ಅನ್ನುವ ನಿಯಮವನ್ನೂ ಸೇರಿಸಿದೆ. ಅಕ್ಕ ಇನ್ನೊಮ್ಮೆ ಮಾತಾಡಿದರು, ಲಾಗ್ ಖಾಲಿ. ಈ ಎರಡು ಪರೀಕ್ಷೆಯ ಉಪಾಯ ನನಗೆ ತುಂಬಾ ಇಷ್ಟವಾಯಿತು.

ಬಾಯಲ್ಲಿ ಅಂಕಿ ಹೇಳುವ ಭಾಗ ಇನ್ನೂ ಕುಂಟುತ್ತಿದೆ. ‘ಸೊನ್ನೆ’ ಅಂದರೆ ಎಷ್ಟೋ ಸಲ ‘ಒಂದು’ ಅಂತ ಗುರುತಿಸುತ್ತಿತ್ತು. ‘ಸ’ಕಾರದ ಶಕ್ತಿಯ ಬಹುಪಾಲು 3400 ಹರ್ಟ್ಜ್‌ಗಿಂತ ಮೇಲಿದೆ, ಫೋನ್ ಲೈನ್ ಅದನ್ನು ಬಿಡುವುದಿಲ್ಲ. ಉಳಿದ ಸಣ್ಣ ಸದ್ದನ್ನು ವಿಎಡಿ (ಮಾತು ಶುರುವಾಯಿತೇ ಅಂತ ನೋಡುವ ಭಾಗ) ಮೌನ ಅಂತಲೇ ಎಣಿಸಿ, ‘ಒನ್ನೆ’ಯಿಂದ ಬಾಗಿಲು ತೆಗೆಯುತ್ತದೆ. ಈಗ ಹಿಂದಿನ 300 ಮಿಲಿಸೆಕೆಂಡ್ ಆಡಿಯೋ ಯಾವಾಗಲೂ ಬಫರ್‌ನಲ್ಲಿ ಇಟ್ಟುಕೊಂಡು, ವಿಎಡಿ ತೆರೆದ ಕೂಡಲೇ ಅದನ್ನೂ ಸೇರಿಸಿ ಕೊಡುತ್ತಿದ್ದೇನೆ. ಸೊನ್ನೆ ಈಗ ಬಹುಪಾಲು ಸೊನ್ನೆಯಾಗೇ ಬರುತ್ತಿದೆ.

ಮುಂದೆ ಬಾರ್ಜ್-ಇನ್. ಪ್ರಾಂಪ್ಟ್ (ಐವಿಆರ್ ಹೇಳುವ ಮಾತು) ಓಡುತ್ತಿರುವಾಗಲೇ ಉತ್ತರ ಕೊಡಲು ಬಿಟ್ಟರೆ, ಎಟಿಎಯಿಂದ ವಾಪಸ್ ಬರುವ ಎಕೋಗೆ ವಿಎಡಿ ತೆರೆದುಕೊಂಡು ಪ್ರಾಂಪ್ಟ್ ತಾನೇ ನಿಲ್ಲುತ್ತಿದೆ. ಮೊದಲು ಎಕೋ ಕ್ಯಾನ್ಸಲರ್ ಹಾಕಬೇಕು.