ಆಪರೇಷನ್ ಮುಗಿಸಿ ಎದ್ದವರು ‘ಕಣ್ಣು ಚುಚ್ತಿದೆ’ ಅಂದರೆ

ರಿಕವರಿ ರೂಮಿನಲ್ಲಿ ಎಚ್ಚರಾದ ರೋಗಿ “ಕಣ್ಣಲ್ಲಿ ಮರಳು ಬಿದ್ದ ಹಾಗಿದೆ ಸಿಸ್ಟರ್” ಅಂದರೆ, ಹೆಚ್ಚಿನ ಸಲ ಅದು ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ತರಚಿದ್ದು. ಪೂರ್ತಿ ಪ್ರಜ್ಞೆ ತಪ್ಪಿಸುವ ಜನರಲ್ ಅನಸ್ತೇಷಿಯಾದಲ್ಲಿ ರೆಪ್ಪೆ ಬಡಿಯುವುದು ನಿಲ್ಲುತ್ತದೆ, ಕಣ್ಣೀರು ಕಡಿಮೆಯಾಗುತ್ತದೆ, ನಿದ್ದೆಯಲ್ಲಿ ಗುಡ್ಡೆ ಮೇಲಕ್ಕೆ ಹೊರಳುವ ಅಭ್ಯಾಸವೂ ಹೋಗುತ್ತದೆ. ಅರೆತೆರೆದ ರೆಪ್ಪೆಯ ಸಂದಿನಲ್ಲಿ ಒಣಗಿದ ಕಾರ್ನಿಯಾಕ್ಕೆ ಮಾಸ್ಕಿನ ಅಂಚೋ ನಮ್ಮ ಕುತ್ತಿಗೆಯಲ್ಲಿ ಜೋತಾಡುವ ಐಡಿ ಕಾರ್ಡೋ ತಾಗಿದರೂ ಸಾಕು.

ಅದಕ್ಕೇ ಕಣ್ಣು ಮುಚ್ಚಿ ಟೇಪ್ ಹಚ್ಚುವುದು ಉಸಿರಾಟದ ಟ್ಯೂಬ್ ಹಾಕಿದ ಮೇಲಲ್ಲ. ರೆಪ್ಪೆಗೂದಲು ಸವರಿದರೂ ರೆಪ್ಪೆ ಅಲುಗದ ಕೂಡಲೇ, ಟ್ಯೂಬ್ ಹಾಕಲು ಗಂಟಲು ನೋಡುವ ಲ್ಯಾರಿಂಗೋಸ್ಕೋಪ್ ಎತ್ತುವ ಮೊದಲೇ ಹಚ್ಚಬೇಕು. ಮೇಲಿನ ರೆಪ್ಪೆಯನ್ನು ಪೂರ್ತಿ ಇಳಿಸಿ, ಕೂದಲು ಒಳಮಡಚಿಲ್ಲ ಎಂದು ನೋಡಿ, ಟೇಪನ್ನು ಅಡ್ಡಕ್ಕೆ ಅಂಟಿಸಿ. ಮುಖಕ್ಕೆ ಕೊಬ್ಬರಿ ಎಣ್ಣೆ ಸವರಿಕೊಂಡು ಬಂದವರಿಗೆ ಅಂಟು ನಿಲ್ಲದು, ಮೊದಲು ಒಣ ಗಾಜ್ ಬಟ್ಟೆಯಿಂದ ಒರೆಸಿ. ತೆಗೆಯುವಾಗ ಮೇಲಿನಿಂದ ಕೆಳಕ್ಕೆ. ಬೋರಲು ಮಲಗಿಸಿದ ಕೇಸಿನಲ್ಲಿ 15-20 ನಿಮಿಷಕ್ಕೊಮ್ಮೆ, ತಲೆ ಅಲುಗಿದಾಗಲೆಲ್ಲ, ಗುಡ್ಡೆಯ ಮೇಲೆ ಒತ್ತಡವಿಲ್ಲ ಎಂದು ನೋಡಿ. ಪಲ್ಸ್ ಆಕ್ಸಿಮೀಟರ್ ತೋರುಬೆರಳಿಗೆ ಬೇಡ, ಮಂಪರಿನಲ್ಲಿ ಅದರಿಂದಲೇ ಕಣ್ಣುಜ್ಜುತ್ತಾರೆ.

ತರಚಿದ ಜಾಗ ಫ್ಲೋರೆಸೀನ್ ಬಣ್ಣ ಹಾಕಿ ನೀಲಿ ಬೆಳಕು ಬಿಟ್ಟರೆ ಹಸಿರಾಗಿ ಹೊಳೆಯುತ್ತದೆ. ಆ್ಯಂಟಿಬಯೋಟಿಕ್ ಆಯಿಂಟ್‌ಮೆಂಟ್ ಹಾಕಿದರೆ ಸಾಮಾನ್ಯವಾಗಿ ಒಂದರಿಂದ ಮೂರು ದಿನದಲ್ಲಿ ಮಾಯುತ್ತದೆ. ಮರಗಟ್ಟಿಸುವ ಡ್ರಾಪ್ಸ್ ಮಾತ್ರ ಮನೆಗೆ ಕೊಡಬೇಡಿ, ಗಾಯ ಮಾಯುವುದೇ ನಿಧಾನವಾಗುತ್ತದೆ.

ನನಗೆ ಹೆಚ್ಚು ಭಯವಿರುವುದು ಗ್ಲಾಕೋಮಾದ (ಕಣ್ಣೊಳಗಿನ ಒತ್ತಡ ಏರಿ ದೃಷ್ಟಿ ಕೆಡಿಸುವ ರೋಗ) ಬಗ್ಗೆ. ಆಪರೇಷನ್ ವೇಳೆ ಕೊಡುವ ಗ್ಲೈಕೋಪೈರೊಲೇಟ್, ಅಟ್ರೋಪಿನ್, ಎಫೆಡ್ರಿನ್‌ಗಳಿಂದ ಪಾಪೆ ಹಿಗ್ಗಿ, ಕಾರ್ನಿಯಾಕ್ಕೂ ಪಾಪೆಯ ಸುತ್ತಲಿನ ಬಣ್ಣದ ಪರದೆಗೂ ನಡುವಿನ ಕೋನ ಮೊದಲೇ ಕಿರಿದಾಗಿದ್ದವರಲ್ಲಿ ಕಣ್ಣೊಳಗಿನ ನೀರು ಹರಿಯುವ ದಾರಿ ಮುಚ್ಚಿಹೋಗುತ್ತದೆ. ಕೆಲವು ಗಂಟೆಗೋ ಮರುದಿನವೋ ತಲೆನೋವು, ವಾಂತಿ ಶುರು. ‘ಅನಸ್ತೇಷಿಯಾದ್ದೇ ಇರಬೇಕು’ ಎಂದು ವಾಂತಿಯ ಇಂಜೆಕ್ಷನ್ ಕೊಟ್ಟು ಸುಮ್ಮನಾಗುವುದು ಇಲ್ಲಿಯೇ. ಟಾರ್ಚ್ ಬೆಳಕು ಬಿಟ್ಟು ನೋಡಿ: ಕಣ್ಣು ಕೆಂಪು, ಕಾರ್ನಿಯಾ ಮಬ್ಬು, ಪಾಪೆ ಅರೆಹಿಗ್ಗಿ ಬೆಳಕಿಗೆ ಅಲುಗದು. 10-21 mmHg ಇರಬೇಕಾದ ಕಣ್ಣಿನ ಒತ್ತಡ 40 ದಾಟಿರಬಹುದು. ಸಲ್ಫಾ ಅಲರ್ಜಿ, ಕಿಡ್ನಿ ತೊಂದರೆ ಕೇಳಿಕೊಂಡು ಒತ್ತಡ ಇಳಿಸಲು ಅಸಿಟಜೋಲಮೈಡ್ 500 ಮಿ.ಗ್ರಾಂ., ಆಸ್ತಮಾ ಇಲ್ಲದಿದ್ದರೆ ಟಿಮೋಲಾಲ್ 0.5% ಡ್ರಾಪ್ಸ್, ಜೊತೆಗೇ ಕಣ್ಣಿನ ಡಾಕ್ಟರಿಗೆ ಫೋನ್.

ನೋವಿಲ್ಲದೆ ದೃಷ್ಟಿ ಹೋಗಿದ್ದರೆ ಅದೂ ತುರ್ತೇ. ಮಂಪರು ಎಂದುಕೊಂಡು ರೋಗಿ ಹೇಳುವುದಿಲ್ಲ. ಒಂದೊಂದೇ ಕಣ್ಣು ಮುಚ್ಚಿಸಿ ಬೆರಳು ಎಣಿಸಲು ಹೇಳಿ.

ಶಿವಮೊಗ್ಗದಲ್ಲಿ ಡಿಸ್ಚಾರ್ಜ್ ಆದವರು ಹೊಸನಗರ, ಆಗುಂಬೆ ಕಡೆಯ ಒಂಟಿಮನೆಗೆ ಹೋಗುತ್ತಾರೆ. ಚೀಟಿಯಲ್ಲಿ ಬರೆದು, ಜೊತೆಗಿದ್ದವರಿಗೂ ಬಾಯಲ್ಲಿ ಹೇಳಿ: ಕಣ್ಣುನೋವು ಏರಿದರೆ, ದೀಪದ ಸುತ್ತ ಬಣ್ಣದ ಬಳೆ ಕಂಡರೆ, ಬೆಳಗಾಗಲಿ ಎಂದು ಕಾಯದೆ ಹೊರಟು ಬನ್ನಿ.